ಫಿಲೇಟನಿಗೆ ಕಟ್ಟಿದ ತಾಯಿತ

ಥಲ್ಲೂಸಾ,

ನಿನ್ನ ಮಗ ಫಿಲೇಟನ ಕೊರಳಲ್ಲಿ ನನ್ನ ಮಗ ಔಲನ ತಾಯಿತ ಕಂಡ ದಿನವೇ ನಿಮ್ಮಿಬ್ಬರನ್ನೂ ಮಾರಿಬಿಟ್ಟೆ. ಯಾವ ಊರಿಗೆ ಕರೆದೊಯ್ಯುತ್ತೀ ಎಂದು ದಾಸರನ್ನು ಕೊಳ್ಳುವ ದಲ್ಲಾಳಿಯನ್ನು ಕೇಳಲಿಲ್ಲ. ಹಾಗಾಗಿ ಈ ಓಲೆ ಒಸ್ತಿಯಾ ಪಟ್ಟಣದ ಈ ಮನೆಯಲ್ಲೇ ಉಳಿಯುತ್ತದೆ.

ನೀನು ಹಾಲೂಡಿಸಿ ಬೆಳೆಸಿದ ಔಲನಿಗೆ ಮೂರು ದಿನದಿಂದ ಜ್ವರ. ದೃಷ್ಟಿಯಾಯಿತೆಂದರೆ ನೀನು ಬೆರಳಿಗೆ ಉಗುಳು ಹಚ್ಚಿ ಅವನ ಹಣೆಗೆ ಒತ್ತುತ್ತಿದ್ದೆ, ನಾನು ಅಸಹ್ಯವೆಂದು ಬೈಯುತ್ತಿದ್ದೆ. ಇವತ್ತು ನಾನೇ ಒತ್ತಿದೆ. ಯಾವ ಬೆರಳೆಂಬುದು ನೆನಪಾಗದೆ ಐದು ಬೆರಳಿಂದಲೂ ಒತ್ತಿದೆ.

ಮಧ್ಯಾಹ್ನ ನೋಡಿದರೆ ಅವನ ಕೊರಳು ಬರಿದಾಗಿತ್ತು. ಹುಟ್ಟಿದ ಒಂಬತ್ತನೇ ದಿನ ಅವನಪ್ಪ ಕಟ್ಟಿದ ಚಿನ್ನದ ತಾಯಿತವನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಕೂತು ಅವನ ಮುಷ್ಟಿ ಬಿಡಿಸಲು ನೋಡಿದೆ.

"ಹಾಕ್ಕೋ ಕಂದ, ಜ್ವರ ಏರ್ತದೆ."

"ಬೇಡ. ಇದು ಫಿಲೇಟಂಗೆ. ಅವನಿಗೆ ಕೆಮ್ಮು ಜಾಸ್ತಿ."

"ಕದ್ದ ಅಂತ ತಾನೇ ಅವನನ್ನ ಕಳಿಸಿದ್ದು?"

"ಕದೀಲಿಲ್ಲಮ್ಮ. ನಾನೇ ಕಟ್ಟಿದ್ದೆ. ಅವತ್ತೂ ಹೇಳೋಕೆ ಬಂದೆ, ನೀನು ಬಾಯ್ಮುಚ್ಚು ಅಂದ್ಬಿಟ್ಟೆ."

ದಾಸಿಯ ಮಗನ ಕೊರಳಿಗೆ ತಾಯಿತ ಸಲ್ಲದು. ಅದು ನಾನು ಮಾಡಿದ ಕಟ್ಟಳೆಯಲ್ಲ, ಥಲ್ಲೂಸಾ. ಅಂದು ನೀನು ನನ್ನ ಕಾಲು ಹಿಡಿದು ಹೇಳಿದ್ದೂ ಔಲ ಹೇಳಿದ್ದನ್ನೇ.

ಈಗ ಅವನಿಗೆ ನಿದ್ದೆ ಹತ್ತಿದೆ, ಮೈ ಇನ್ನೂ ಸುಡುತ್ತಿದೆ. ತಾಯಿತ ನನ್ನ ಕೈಯಲ್ಲಿದೆ, ಕಟ್ಟಲು ಧೈರ್ಯ ಬರುತ್ತಿಲ್ಲ. ಎದ್ದೊಡನೆ ಅವನು ಒಂದೇ ಮಾತು ಕೇಳುತ್ತಾನೆ, ಅದನ್ನೇ ನಿನ್ನನ್ನು ಕೇಳುತ್ತಿದ್ದೇನೆ.

ಫಿಲೇಟನ ಕೆಮ್ಮು ನಿಂತಿತೇ?