ಲಕ್ಷ್ಮಪ್ಪನವರ ಹಾಜರಿ

ನವೆಂಬರ್ 4, ಸೋಮವಾರ. ಬೆಳಿಗ್ಗೆ 9.30

ಇವತ್ತೂ ಅದೇ. 7.04ಕ್ಕೆ ಎರರ್. ಒಂದೇ ಒಂದು. ಡಯಾಲಿಸಿಸ್ ಕೌಂಟರಿನಲ್ಲಿ ದಿನದ ಮೊದಲ ಕಾರ್ಡು ಹಾಕಿದಾಗ "ಡೇಟಾಬೇಸ್ ಸಂಪರ್ಕ ಇಲ್ಲ". ಎರಡನೆಯ ಕಾರ್ಡಿನಿಂದ ಎಲ್ಲ ಸುಸೂತ್ರ. ಮೂರು ತಿಂಗಳಾಯಿತು. ದಿನವೂ ಬಂದರೆ ಒಂದು ರೀತಿ, ಕೆಲವು ದಿನ ಬರುವುದೇ ಇಲ್ಲ! ಸಾಫ್ಟ್‌ವೇರ್ ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ವರ್ಷವಾಯಿತು. ಈಗ ಆಸ್ಪತ್ರೆಯ ಕಂಪ್ಯೂಟರಿಗೆಲ್ಲ ನಾನೊಬ್ಬಳೇ ದಿಕ್ಕು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನಾನೇ, ಇದಕ್ಕೂ ನಾನೇ.

ಮಧ್ಯಾಹ್ನ 1.15

ಮ್ಯಾನೇಜರ್ ಶಿರೀಷ ಸರ್ ಕರೆದರು. ಗುಡೂರಿನಿಂದ ಸವಿತಾ ಎಂಬ ಹುಡುಗಿಯ ಫೋನು ಬಂದಿತ್ತಂತೆ. "ಲಕ್ಷ್ಮಪ್ಪ ಅವರು ಡಯಾಲಿಸಿಸ್‌ಗೆ ಹಾಜರಾಗಿದ್ದಾರೆ" ಎಂದು ನಮ್ಮ ಆಸ್ಪತ್ರೆಯಿಂದ ಅವಳ ಅವ್ವನ ಮೊಬೈಲಿಗೆ ಮೆಸೇಜು. ಲಕ್ಷ್ಮಪ್ಪ ಅವಳ ಅಪ್ಪ. ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದಾರೆ.

"ಪದ್ಮಜಾ, ಸತ್ತವರು ಬಂದಾರಂತ ನಮ್ಮ ದವಾಖಾನಿ ಮೆಸೇಜ್ ಕಳಸ್ತದ ಅಂದ್ರ ಮಂದಿ ಏನಂದಾರು? ಯಾರ ಕೆಲಸ ಅಂತ ಹುಡುಕ್ರಿ. ಸಿಕ್ಕವರು ಮರುದಿನದಿಂದ ಬರೂದು ಬ್ಯಾಡ."

ಹಾಜರಿ ತೆಗೆದು ನೋಡಿದೆ. ಇದೆ! ಅಕ್ಟೋಬರಿನಿಂದ ಒಂಬತ್ತು ಸಲ. ಲಕ್ಷ್ಮಪ್ಪ, ಗುಡೂರು, ಹಾಜರು. ಮನೆಯಲ್ಲೇ ತೀರಿಕೊಂಡವರು, ಹಾಗಾಗಿ ನಮ್ಮ ದಾಖಲೆಯಲ್ಲಿ ಸಾವಿನ ಸುದ್ದಿಯೇ ಇಲ್ಲ. ಅದು ಸರಿ. ಆದರೆ ಬಂದವರು ಯಾರು?

ನವೆಂಬರ್ 5, ಮಂಗಳವಾರ

ನಾನೇ ಸವಿತಾಗೆ ಫೋನ್ ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅದೇ ಕಷ್ಟವಾಯಿತು.

"ಎರಡ ವರ್ಷ ಅಪ್ಪ ಮೊದಲ ಬಸ್ಸಿಗೆ ಬಾಗಲಕೋಟಿಗಿ ಬರ್ತಿದ್ದ್ರಿ ಅಕ್ಕಾರ. ಆ ಮೆಸೇಜ ಬಂತಂದ್ರನ ಅವ್ವ ಚಾ ಕುಡೀತಿದ್ಲು. ಮುಟ್ಟಿದಾ ಅಂತ ಗೊತ್ತಾಗಬೇಕಲ್ರಿ... ನಾವ ಮಣ್ಣ ಮಾಡಿ ಬಂದೇವಿ. ಆದ್ರೂ ಮುಂಜಾನಿ ಫೋನ ಹಿಡಕೊಂಡ ಕುಂದರ್ತಾಳ. ಅಲ್ಲಿ ಬರಾಕತ್ತಾವ್ರು ಯಾರ್ರಿ?"

"ಹುಡುಕಿ ಹೇಳ್ತೇನಿ" ಎಂದೆ. ದೊಡ್ಡ ಜಾಣೆಯಂತೆ ಹೇಳಿದೆ. ಏನು ಹುಡುಕಬೇಕು ಎನ್ನುವುದೇ ಗೊತ್ತಿಲ್ಲ.

ನವೆಂಬರ್ 6, ಬುಧವಾರ. ಸಂಜೆ 5.00

ಎರರ್‌ಗಳು ದಾಖಲಾಗುವ ಲಾಗ್ ಮತ್ತು ಹಾಜರಿ ಪಕ್ಕಪಕ್ಕ ಇಟ್ಟು ಕೂತೆ. ಒಂದು ವಿಚಿತ್ರ ಸಿಕ್ಕಿತು. ಅಕ್ಟೋಬರಿನಿಂದ ಈಚೆಗೆ, ಬೆಳಿಗ್ಗೆ ಎರರ್ ಬಂದ ದಿನ ಲಕ್ಷ್ಮಪ್ಪ ಇಲ್ಲ. ಎರರ್ ಬರದ ದಿನ ಲಕ್ಷ್ಮಪ್ಪ ಹಾಜರು. ಒಂದು ದಿನವೂ ತಪ್ಪಿಲ್ಲ.

ಅಂದರೆ... ಏನು? ಅವರಿಗೂ ಎರರಿಗೂ ಏನು ಸಂಬಂಧ? ತಲೆ ಮೊಸರು ಗಡಿಗೆಯಾಯಿತು. ಕೌಂಟರಿನ ನರ್ಗೀಸಳನ್ನು ಕೇಳಿದೆ, ಈ ಹೆಸರಿನವರು ಬೇರೆ ಯಾರಾದರೂ ಬರುತ್ತಾರೆಯೇ ಎಂದು. "ಗೊತ್ತಿಲ್ರಿ ಮೇಡಂ" ಎಂದಳು. ಮುಖ ಎತ್ತಲಿಲ್ಲ. ಪಾಪ, ಕೆಲಸ ಜಾಸ್ತಿ ಅವಳಿಗೆ.

ನವೆಂಬರ್ 7, ಗುರುವಾರ. ಸಂಜೆ 6.10

ಅರ್ಧ ಸಿಕ್ಕಿತು! ಡೇಟಾಬೇಸಿಗೆ ಪ್ರತಿ ಸಲ ಹೊಸ ಸಂಪರ್ಕ ತೆರೆಯಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಹತ್ತು ಸಂಪರ್ಕ ಮೊದಲೇ ತೆರೆದಿಟ್ಟಿರುತ್ತಾರೆ, ಪೂಲ್ ಅಂತ. ಬೇಕಾದವರಿಗೆ ಒಂದು ಕೊಡುವುದು, ಮುಗಿದ ಮೇಲೆ ವಾಪಸು ಇಟ್ಟುಕೊಳ್ಳುವುದು. ರಾತ್ರಿ ಯಾರೂ ಬಳಸದಿದ್ದರೆ ನಮ್ಮ ರೂಟರು ಸುಮ್ಮನಿರುವ ಸಂಪರ್ಕಗಳನ್ನು ಕಡಿದುಹಾಕುತ್ತದೆ. ಯಾರಿಗೂ ಹೇಳುವುದಿಲ್ಲ. ಪೂಲು ಮಾತ್ರ ಹತ್ತೂ ಜೀವಂತ ಇವೆ ಎಂದುಕೊಂಡೇ ಕೂತಿರುತ್ತದೆ. ಫೋನಿನಲ್ಲಿ ಆ ಕಡೆಯವರು ಇಟ್ಟುಬಿಟ್ಟಿರುತ್ತಾರೆ, ನಾವು ಮಾತಾಡುತ್ತಲೇ ಇರುತ್ತೇವಲ್ಲ, ಹಾಗೆ. ಬೆಳಿಗ್ಗೆ ಮೊದಲ ಕಾರ್ಡಿಗೆ ಸತ್ತ ಸಂಪರ್ಕ ಸಿಗುತ್ತದೆ. ಎರರ್. ಆಗ ಎಚ್ಚರಾಗಿ ಎಲ್ಲವನ್ನೂ ಎಸೆದು ಹೊಸದು ತೆರೆಯುತ್ತದೆ. ರಾತ್ರಿ ಎಮರ್ಜೆನ್ಸಿ ಪೇಶೆಂಟ್ ಬಂದಿದ್ದರೆ ಸಂಪರ್ಕ ಬಳಕೆಯಲ್ಲಿರುತ್ತದೆ, ಬೆಳಿಗ್ಗೆ ಎರರ್ ಇಲ್ಲ.

ಮದ್ದು ಒಂದೇ ಸಾಲು. ಕೊಡುವ ಮೊದಲು ಜೀವಂತ ಇದೆಯೇ ಎಂದು ಪರೀಕ್ಷಿಸು. ಆ ಸೆಟ್ಟಿಂಗು ಯಾವಾಗಿನಿಂದಲೋ ಆಫ್ ಇತ್ತು. ಆನ್ ಮಾಡಿದೆ. ಮೂರು ತಿಂಗಳ ಗೋಳು, ಒಂದು ಸಾಲು!

ಲಕ್ಷ್ಮಪ್ಪ ಮಾತ್ರ ಇನ್ನೂ ಅರ್ಥವಾಗಿಲ್ಲ.

ನವೆಂಬರ್ 12, ಮಂಗಳವಾರ

ಎರರ್ ಪೂರ್ತಿ ನಿಂತಿದೆ. ಶಿರೀಷ ಸರ್ ಚಹಾ ತರಿಸಿದರು. "ಭೇಷ್" ಎಂದರು. ಬಿಸ್ಕೀಟು ಬಾಯಲ್ಲಿರುವಾಗಲೇ ಸವಿತಾಳ ಫೋನು.

"ಅಕ್ಕಾರ, ನೀವು ಹುಡುಕಿ ಹೇಳ್ತೇನಿ ಅಂದಿದ್ರಿ. ಮೊದಲೆಲ್ಲ ವಾರಕ್ಕ ಒಂದೆರಡ ಬರ್ತಿದ್ವು. ಈಗ ಐತವಾರ ಬಿಟ್ಟು ದಿನಾ ಬರಾಕತ್ತಾವ್ರಿ!"

ನಾನು ಸರಿ ಮಾಡಿದ್ದೇನು? ಕೆಡಿಸಿದ್ದೇನು?

ನವೆಂಬರ್ 13, ಬುಧವಾರ. ಬೆಳಿಗ್ಗೆ 8.00

ಏಳು ಗಂಟೆಗೇ ಕೌಂಟರಿನ ಹಿಂದೆ ಹೋಗಿ ನಿಂತೆ. ನರ್ಗೀಸ ಬಂದಳು, ಬುರ್ಖಾ ತೆಗೆದು ಮಡಚಿಟ್ಟಳು, ಡ್ರಾವರಿನಿಂದ ಒಂದು ಕಾರ್ಡು ತೆಗೆದಳು. ಸಾಲಿನಲ್ಲಿ ಇನ್ನೂ ಯಾರೂ ಇಲ್ಲ. ಕಾರ್ಡು ಹಾಕಿದಳು. ಲಕ್ಷ್ಮಪ್ಪ, ಗುಡೂರು, ಹಾಜರು.

"ನರ್ಗೀಸ!"

ಬೆಚ್ಚಿಬಿದ್ದಳು. ಅಳುವುದಕ್ಕೇ ಶುರು ಮಾಡಿದಳು.

"ನೀವ ಹೇಳಿದ್ರಲ್ರಿ ಮೇಡಂ, ಮೊದಲ ಯಾರದರ ಒಂದು ಕಾರ್ಡ ಹಾಕಿ ನೋಡು, ಎರರ್ ಅದಕ್ಕ ಹೋಗ್ಲಿ ಅಂತ. ಇದ್ದವರ ಕಾರ್ಡ ಹಾಕಿದ್ರ ಅವರ ಪಾಳಿ ಕಳೀತೈತಿ. ಸವಿತಾ ಬಂದು ಅವರಪ್ಪನ ಕಾರ್ಡ ವಾಪಸ್ ಕೊಟ್ಟಿದ್ಲು. ಸತ್ತವರಿಗೇನ ಆಗತೈತಿ ಅಂದ್ಕೊಂಡ್ನಿ... ಮೆಸೇಜ ಹೋಗತೈತಿ ಅಂತ ಖರೆ ಗೊತ್ತಿದ್ದಿಲ್ರಿ. ನೀವು ಹೆಸರ ಕೇಳಿದಾಗ ಅಂಜಿದ್ನಿ, ಎರರ್ ಹೋಗೇತಿ ಅಂತ ನನಗ ಯಾರೂ ಹೇಳಲಿಲ್ಲ. ಸರ್‌ಗೆ ಹೇಳಬ್ಯಾಡ್ರಿ."

ಹೌದು. ನಾನೇ ಹೇಳಿದ್ದೆ, ಸೆಪ್ಟೆಂಬರ್ ಕೊನೆಗೆ. ಊಟದ ಡಬ್ಬಿ ಬಿಚ್ಚುತ್ತ ಹೇಳಿ ಮರೆತಿದ್ದೆ. ಎರರ್ ಇದ್ದ ದಿನ ಲಕ್ಷ್ಮಪ್ಪ ಅದನ್ನು ತಮ್ಮ ಮೇಲೆ ತೆಗೆದುಕೊಳ್ಳುತ್ತಿದ್ದರು. ಇಲ್ಲದ ದಿನ ಹಾಜರಾಗುತ್ತಿದ್ದರು. ನಾನು ಎರರ್ ತೆಗೆದೆ, ದಿನವೂ ಹಾಜರಾದರು.

9.15

ತಪ್ಪು ನನ್ನದೇ ಎಂದು ಶಿರೀಷ ಸರ್‌ಗೆ ಬರೆದುಕೊಟ್ಟೆ. ನರ್ಗೀಸಳ ಹೆಸರು ಹಾಕಲಿಲ್ಲ. ಬಹಳ ಹೊತ್ತು ಓದಿದರು. "ಇವತ್ತ ಗುಡೂರಿಗೆ ಹೋಗಿ ಆ ಮನಿಯವರಿಗೆ ನೀವ ಹೇಳಿ ಬರ್ರಿ. ಅವರು ಸುಮ್ಮನಾದ್ರ ನಾನೂ ಸುಮ್ಮನಾಗ್ತೇನಿ." ಕಾರ್ಡು ಪರ್ಸಿನಲ್ಲಿದೆ.

ಸಂಜೆ 6.45

ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಬರಿಗೈಲಿ ಹೋಗುವುದೇ ಎಂದು ಕರದಂಟು ಕಟ್ಟಿಸಿಕೊಂಡೆ. ಬಸ್ಸು ಹೊರಟ ಮೇಲೆ ಹೊಳೆಯಿತು, ತೀರಿಕೊಂಡವರ ಮನೆಗೆ ಸಿಹಿ! ನನ್ನ ಬುದ್ಧಿಗಿಷ್ಟು. ಪೊಟ್ಟಣ ಬ್ಯಾಗಿನಲ್ಲೇ ಉಳಿಯಿತು.

ಬಾಗಿಲಿಗೆ ಬಂದಾಕೆಯ ಹಣೆಯ ಮೇಲೆ ಕುಂಕುಮ. ದೊಡ್ಡದು. ಮನೆ ತಪ್ಪಿತೇನೋ ಎಂದುಕೊಂಡೆ. "ಸವಿತಾನ ಅವ್ವ, ರಂಗವ್ವಾರು..." ಎಂದರೆ "ನಾನ ರೀ, ಬರ್ರಿ" ಎಂದರು. ಸವಿತಾ ನನ್ನನ್ನು ನೀರು ಕೊಡುವ ನೆಪದಲ್ಲಿ ಒಳಗೆ ಕರೆದಳು. ದನಿ ತಗ್ಗಿಸಿ ಹೇಳಿದಳು.

"ಮೆಸೇಜ ಬಂದ ದಿನ ಹಚಗೋತಾಳ್ರಿ. ಬರದ ದಿನ ಒರಸ್ತಾಳ. ಮಂದಿ ನಗಾಕತ್ತಾರ. ಈ ವಾರ ಒರಸೇ ಇಲ್ಲ."

ಈ ವಾರ. ನನ್ನ ಒಂದು ಸಾಲಿನ ವಾರ. ಲೋಟ ಕೆಳಗಿಟ್ಟು ರಂಗವ್ವನ ಮುಂದೆ ಬಂದು ಕೂತೆ.

ಎಲ್ಲ ಹೇಳಿದೆ. ತೋಚಿದ ಹಾಗೆ, ಹಿಂದುಮುಂದಾಗಿ. ತಂತಿಯ ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಮೊದಲೊಮ್ಮೆ ಕರೆದು ನೋಡುತ್ತೇವೆ, ಓ ಎಂದರೆ ಜೀವಂತ, ಅದಕ್ಕೆ ನಿಮ್ಮವರ ಕಾರ್ಡು ಬಳಸಿಬಿಟ್ಟೆವು, ತಪ್ಪಾಯಿತು ಎಂದೆ. ಕಾರ್ಡು ಮುಂದಿಟ್ಟೆ.

ರಂಗವ್ವ ಅದನ್ನು ಸೆರಗಿನಿಂದ ಒರೆಸಿದರು.

"ನೀವು ಕರದ್ರಿ. ಅವ ಓ ಅಂದ. ಹೌದಲ್ರಿ?"

"ಅವ್ವಾ!" ಎಂದಳು ಸವಿತಾ.

"ಗೊತ್ತೈತಿ ತಗಿ. ಮಣ್ಣಿಗಿ ಹೋಗಿದ್ದಾಕಿ ನಾ." ನನ್ನ ಕಡೆ ತಿರುಗಿದರು. "ನಾಳಿಂದ ಬರಾಂಗಿಲ್ಲ?"

"ಇಲ್ರಿ. ಮೆಸೇಜ್ ಬರೂದಿಲ್ಲ."

"ಮೊದಲೂ ಬರ್ತಿದ್ದಿಲ್ಲ ಎಷ್ಟೋ ದಿನ. ಬರಲಿಲ್ಲಂದ್ರ ನಾ ಏನಂತ ತಿಳೀಲಿ? ಬಂದಿಲ್ಲ ಅಂತ ಯಾರೂ ಹೇಳಂಗಿಲ್ಲ. ಬಸ್ ತಡಾ ಆತೇನೋ ಅಂತ ಮಧ್ಯಾಹ್ನತನ ಕುಂದರ್ತೇನಿ." ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡರು. "ನೀವ ಒಂದು ಫೋನ ಮಾಡ್ರಿ ತಂಗಿ. ಬಂದಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ. ಒರಸ್ಕೋತೇನಿ."

ಮಾಡುತ್ತೇನೆ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ನವೆಂಬರ್ 14, ಗುರುವಾರ. ಬೆಳಿಗ್ಗೆ 7.40

ಎರರ್ ಇಲ್ಲ. ಮೊದಲ ಕಾರ್ಡು ಇಳಕಲ್‌ನಿಂದ ಬಂದ ಒಬ್ಬ ಹಿರಿಯರದ್ದು. ಕೆಮ್ಮುತ್ತ ಒಳಗೆ ಹೋದರು. ಲಕ್ಷ್ಮಪ್ಪನವರ ಹೆಸರಿನ ಮುಂದೆ "ಮರಣ" ಎಂದು ನಾನೇ ಹಾಕಿದೆ. "ಖಚಿತವೇ?" ಎಂದು ಕೇಳಿತು ಕಂಪ್ಯೂಟರು. ಹೌದು ಒತ್ತಿದೆ.

ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ಸವಿತಾ ಅಲ್ಲ.

"ರಂಗವ್ವಾರ, ನಾ ಪದ್ಮಜಾ. ಲಕ್ಷ್ಮಪ್ಪನವರು ಇವತ್ತ ಬಂದಿಲ್ರಿ."

ಆ ಕಡೆ ಎಲ್ಲೋ ಕುರಿ ಕೂಗಿದ್ದು ಕೇಳಿಸಿತು. ಲೈನ್ ಇದೆ.

"ಹೌದೇನ್ರಿ," ಎಂದರು. ಆಮೇಲೆ, ಮೆಲ್ಲಗೆ, "ನಾಳಿಗೆ?"

ನಾಳೆಯೂ ಇಲ್ಲ ಎನ್ನಬೇಕಿತ್ತು. ಇನ್ನು ಯಾವತ್ತೂ ಇಲ್ಲ ಎನ್ನಬೇಕಿತ್ತು. ಅದನ್ನು ಹೇಳಲೆಂದೇ ಫೋನ್ ಮಾಡಿದ್ದು. ನಾನು "ನಾಳೆ ಮುಂಜಾನಿ ಮತ್ತ ಫೋನ್ ಮಾಡಿ ಹೇಳ್ತೇನ್ರಿ" ಎಂದೆ.