ಕುಬಸದ ಮೇಲೆ ಬಿದ್ದ ಬೆಳಕು

ಬೆಳಕಿನ ಶಿಬಿರದ ಅಧಿಕಾರಿಗಳೇ,

ಮಾನ್ಯರೇ ಎನ್ನಲು ಬಾಯಿ ಬರುತ್ತಿಲ್ಲ. ಮುದ್ದೇಬಿಹಾಳದಲ್ಲಿ ನಿಮ್ಮ ಯಂತ್ರವನ್ನು ಒನಕೆಯಿಂದ ಒಡೆದವಳು ನಾನೇ. ‘ಓದುಬರಹವಿಲ್ಲದ ಹೆಂಗಸಿನ ಹುಚ್ಚಾಟ’ ಎಂದು ತಾವು ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದೀರಿ. ನಾನು ಬಿ.ಎ. ಓದಿದವಳು. ಹುಚ್ಚಿನ ಮಾತನ್ನು ಅಲ್ಲಗಳೆಯುವುದಿಲ್ಲ.

ಗುರವ್ವ ನನ್ನ ಮೈದುನನ ಹೆಂಡತಿ. ಎದೆಯಲ್ಲಿ ಗಂಟು ಕೈಗೆ ಹತ್ತುತ್ತಿದೆ ಎಂದು ಒಲೆಯ ಮುಂದೆ ಕೂತು ನನಗೊಬ್ಬಳಿಗೇ ಹೇಳಿದ್ದಳು. ಆಗಲೇ ಬಸವನ ಬಾಗೇವಾಡಿಯ ಕಲ್ಯಾಣಮಂಟಪಕ್ಕೆ ನಿಮ್ಮ ಶಿಬಿರ ಬಂತು. ಎದೆಯ ಒಂದು ಬದಿಯಿಂದ ಬೆಳಕು ಹಾಯಿಸಿದರೆ ರಕ್ತ ಕೂಡಿದ ಗಂಟು ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ, ಸೂಜಿಯಿಲ್ಲ, ನೋವಿಲ್ಲ ಎಂದು ಜೀಪಿನಲ್ಲಿ ಕೂಗಿಸಿದಿರಿ. ನಂಬಿ ಹೋದೆವು. ಕತ್ತಲೆ ಕೋಣೆಯಲ್ಲಿ ಯಂತ್ರದ ಹಿಂದೆ ಕೂತಿದ್ದವನು ಗಂಡಸು. ನಮ್ಮ ಕಡೆ ಯಾವ ಹೆಣ್ಣುಮಗಳು ಅಲ್ಲಿಗೆ ಕಾಲಿಡುತ್ತಾಳೆ? ಸಾಲು ಬಾಗಿಲಲ್ಲೇ ನಿಂತಿತು. ಆಗ ನಿಮ್ಮವರು ಮಹಾ ಉಪಾಯ ಹೂಡಿ ಬಾಗಿಲು ತೆರೆದೇ ಇಟ್ಟರು.

“ನಾಚಬ್ಯಾಡ್ರಿ ಅಕ್ಕಾರ, ಕುಬಸ ತಗೀಬ್ಯಾಡ್ರಿ. ಮ್ಯಾಲಿಂದನ ನೋಡ್ತೇನಿ.”

“ಹಂಗಾದ್ರ ಬರ್ತೇನ್ರಿ,” ಎಂದು ಗುರವ್ವ ಒಳಗೆ ಹೋದಳು. ದಪ್ಪ ಖಣದ ಕುಬಸದ ಮೇಲೆ ಬೆಳಕು ಹಿಡಿದು, “ಏನೂ ಇಲ್ರಿ, ಆರಾಮ ಇರ್ರಿ,” ಎಂದು ಕಳಿಸಿದರು. ಗುರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಗಂಟು ಬೆಳೆಯಿತು. “ಮಷಿನ್ನ್ಯಾಗ ನೋಡ್ಯಾರ, ಕ್ಯಾನ್ಸರ್ ಅಲ್ಲ. ಇದು ಬಾವು,” ಎಂದು ಅವಳ ಗಂಡ ಸಿದ್ದರಾಯ ಬರೆ ಹಾಕುವವನನ್ನು ಕರೆಸಿದ. ನಾಲ್ಕು ಜನ ಅವಳ ಕೈಕಾಲು ಅದುಮಿ ಹಿಡಿದರು. ಕೆಂಪಗೆ ಕಾದ ಕಬ್ಬಿಣ ಎದೆಗೆ ತಾಗಿದಾಗ ಬಂದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಅಂಥದೊಂದು ಕಬ್ಬಿಣ ನಿಮ್ಮ ಎದೆಗೂ ಇಡಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

“ಕ್ಯಾನ್ಸರ್ ಐತಿ. ಮೊದಲ ಯಾಕ ತೋರಿಸಲಿಲ್ರಿ?” ಎಂದರು, ಕೊನೆಗೆ ಕರೆದೊಯ್ದಾಗ, ಬಿಜಾಪುರದ ಡಾಕ್ಟರಮ್ಮ. ತೋರಿಸಿದ್ದೆವಲ್ಲ, ನಿಮಗೆ. ಆ ಯಂತ್ರಕ್ಕೆ ಬರಿಮೈ ಬೇಕು, ಪೂರ್ತಿ ಕತ್ತಲೆ ಬೇಕು, ಅದು ಏನೇ ಹೇಳಿದರೂ ಗಂಟನ್ನು ಕೈಯಿಂದ ಮುಟ್ಟಿ ನೋಡಿ ಬೇರೆ ಪರೀಕ್ಷೆಗೂ ಕಳಿಸಬೇಕು ಎಂದು ಅವರೇ ತಿಳಿಸಿದರು. ಶೀಗಿ ಹುಣ್ಣಿಮೆಯ ಹೊತ್ತಿಗೆ ಗುರವ್ವ ಇರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನೀವು ಅದನ್ನೂ ಮಾಡಲಿಲ್ಲ. ನಿಮ್ಮ ಶಿಬಿರ ನಡೆದಿದ್ದ ಮುದ್ದೇಬಿಹಾಳಕ್ಕೆ ಹೋಗಿ ನೋಡಿದೆ. ನಾಲತವಾಡದ ಹೆಂಗಸರ ಸಾಲು, ತೆರೆದ ಬಾಗಿಲು, ಅದೇ “ಕುಬಸ ತಗೀಬ್ಯಾಡ್ರಿ”. ಅಲ್ಲಿನ ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಒನಕೆ ಇತ್ತು. ಯಂತ್ರದ್ದು ಎಳ್ಳಷ್ಟೂ ತಪ್ಪಿಲ್ಲ. ನೀವು ಕೈಗೆ ಸಿಗಲಿಲ್ಲ, ಅದು ಸಿಕ್ಕಿತು. ಗಾಜು ಒಡೆದ ಸದ್ದಿಗೆ ನನಗೆ ಸಮಾಧಾನವಾಯಿತು.

ಹೊಸ ಯಂತ್ರ ಇಂಡಿಗೂ ಸಿಂದಗಿಗೂ ಹೋಗುತ್ತದಂತೆ. ಹೋಗಲಿ. ಅದರ ಹಿಂದೆ ಹೆಣ್ಣುಮಗಳು ಕೂರಲಿ, ಕೋಣೆಗೆ ಒಳಗಿನಿಂದ ಚಿಲಕವಿರಲಿ. ಅದಕ್ಕೂ ಮೊದಲು ಬಾಗೇವಾಡಿಯಲ್ಲಿ ಕುಬಸದ ಮೇಲೆ ನೋಡಿ ಕಳಿಸಿದ ಅಷ್ಟೂ ಹೆಂಗಸರನ್ನು ಮತ್ತೆ ಕರೆಸಿ. ಗುರವ್ವನ ಅಕ್ಕ ರೇವವ್ವ ಅದೇ ಸಾಲಿನಲ್ಲಿದ್ದಳು. ಈಗ ಅವಳಿಗೂ ಗಂಟು. ಬಿಜಾಪುರಕ್ಕೆ ನಡೆ ಎಂದರೆ, “ತಂಗೀನ್ನ ಕೊಂದದ್ದು ಆ ಕಾದ ಕಬ್ಬಣರಿ. ನನಗ ಮಷಿನ್ನ್ಯಾಗ ಏನೂ ಇಲ್ಲಂದಾರ,” ಎನ್ನುತ್ತಾಳೆ. ನನ್ನನ್ನು ನಂಬುವುದಿಲ್ಲ, ನಿಮ್ಮನ್ನು ನಂಬುತ್ತಾಳೆ. ನೀವೇ ಬನ್ನಿ. ಅವಳ ಮನೆಯ ಹೊಸ್ತಿಲಲ್ಲಿ ನಿಂತು, ನಾವು ಏನನ್ನೂ ನೋಡಿರಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಒನಕೆಯನ್ನು ಠಾಣೆಗೆ ಒಪ್ಪಿಸಿ, ಕೈಗಳನ್ನು ಮಾತ್ರ ಉಳಿಸಿಕೊಂಡಿರುವ
ವಿದ್ಯಾವತಿ
ಬಸವನ ಬಾಗೇವಾಡಿ, 2004