ಏಳನೆಯ ಕಂಬಕ್ಕೆ ಕೆಂಪು ಬಳಿದವನು

ಮೈಸೂರು, ಮೇ ೧೯೯೮

ಈ ನಗರದ ಶಾಲೆಗಳ ಮೇಲೆ ಅಧಿಕಾರ ನಡೆಸುವ ಹಿರಿಯ ಅಧಿಕಾರಿಗಳ ಗಮನಕ್ಕೆ, ಗಮನವೆಂಬುದು ಇದ್ದಲ್ಲಿ.

ಮಾನ್ಯರೇ,

ಏಪ್ರಿಲ್ ಕೊನೆಯ ವಾರ ತಾವು ಒಂಬತ್ತು ಸಾಲಿನ ಒಂದು ಆದೇಶ ಹೊರಡಿಸಿ ಈ ನಗರದ ಹದಿನಾಲ್ಕು ಮಂದಿ ಚಿತ್ರಕಲಾ ಶಿಕ್ಷಕರನ್ನು ತರಗತಿಯಿಂದ ಎಬ್ಬಿಸಿದ್ದೀರಿ. ನಾವು ‘ಹೆಚ್ಚುವರಿ’ಯಂತೆ. ಜೂನ್ ಒಂದರಂದು ಶಾಲೆಯ ಬಾಗಿಲು ತೆರೆದಾಗ ನಾವು ಅಲ್ಲಿರಕೂಡದು. ಪಠ್ಯಪುಸ್ತಕದ ಉಗ್ರಾಣ, ರವಾನೆ ವಿಭಾಗ, ಹಳೇ ಕಡತಗಳ ಕೋಣೆ, ಹೀಗೆ ತಮ್ಮ ಕಚೇರಿಯ ಯಾವ ಮೂಲೆಯಲ್ಲಿ ಧೂಳು ಹೆಚ್ಚಾಗಿದೆಯೋ ಅಲ್ಲಿ ಹೋಗಿ ಕೂರತಕ್ಕದ್ದು. ನಮ್ಮ ಪೀರಿಯಡ್ಡುಗಳನ್ನು ‘ಮುಖ್ಯ ವಿಷಯಗಳ’ ಶಿಕ್ಷಕರು ಹಂಚಿಕೊಳ್ಳತಕ್ಕದ್ದು. ಒಂಬತ್ತು ಸಾಲಿನಲ್ಲಿ ಚಿತ್ರಕಲೆ ಎಂಬ ಪದ ಬಂದಿರುವುದು ಒಂದೇ ಸಲ, ಅದೂ ಆವರಣ ಚಿಹ್ನೆಯೊಳಗೆ. ಈ ಆದೇಶವನ್ನು ಶಾಲೆ ತೆರೆಯುವ ಮೊದಲು ಹಿಂತೆಗೆದುಕೊಳ್ಳಿ ಎಂದು ಕೇಳುವುದಕ್ಕೇ ಈ ಪತ್ರ. ಇದೇ ಮಾತನ್ನು ಮೂರು ಮನವಿಗಳಲ್ಲಿ ಬರೆದು ತಮ್ಮ ಕಚೇರಿಗೆ ಕೊಟ್ಟು, ಮೂರಕ್ಕೂ ‘ಸ್ವೀಕರಿಸಿದೆ’ ಎಂಬ ಮುದ್ರೆ ಒತ್ತಿಸಿಕೊಂಡು ಬಂದಿದ್ದೇವೆ. ಮುದ್ರೆಯಿಂದಾಚೆಗೆ ಏನೂ ನಡೆಯಲಿಲ್ಲ. ಅದಕ್ಕೇ ಈಗ ಊರಿನವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಮಗೆ ನನ್ನ ಮುಖ ನೆನಪಿರಲಾರದು. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು ನಾನು. ಕಳೆದ ಜುಲೈನಲ್ಲಿ ತಾವು ತಪಾಸಣೆಗೆ ಬಂದಾಗ ಬಾಗಿಲಲ್ಲಿ ನಿಲ್ಲಿಸಿದ್ದ ಸ್ವಾಗತದ ಬೋರ್ಡು ನೋಡಿ, “ಇದು ಪ್ರಿಂಟ್ ಮಾಡಿಸಿದ್ದೇನ್ರೀ?” ಎಂದು ಕೇಳಿದಿರಿ. ಅಲ್ಲ ಸ್ವಾಮಿ, ಅದು ಬಣ್ಣದ ಸೀಮೆಸುಣ್ಣ ಮತ್ತು ನನ್ನ ಬಲಗೈ. ತಮ್ಮ ಹೆಸರಿನ ಸುತ್ತ ಮಲ್ಲಿಗೆ ಬಳ್ಳಿ ಹಬ್ಬಿಸುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಎಂಟನೇ ತರಗತಿಯ ಮಕ್ಕಳಿಗೆ ಚಿತ್ರಕಲೆ ಇರಲಿಲ್ಲ. ತಾವು ಬಂದು ತಪಾಸಣೆ ಮಾಡಿದ್ದು ಏನನ್ನು ಎಂದು ನಾನು ಆಗಲೇ ಕೇಳಬೇಕಿತ್ತು.

ಇದು ನಮ್ಮ ಶಾಲೆಯೊಂದರ ಕಥೆಯಲ್ಲ. ಯಾವ ಶಾಲೆಗೆ ಯಾವ ದೊಡ್ಡವರು ಬರುವುದಿದ್ದರೂ ಹೆಡ್‌ಮಾಸ್ಟರು ಮೊದಲು ಕೂಗುವುದು ಡ್ರಾಯಿಂಗ್ ಮೇಷ್ಟ್ರನ್ನು. ಬೋರ್ಡು ಬರೆಯಬೇಕು, ವೇದಿಕೆ ಸಿಂಗರಿಸಬೇಕು, ಕ್ರೀಡಾಕೂಟಕ್ಕೆ ಅಂಕಣ ಎಳೆಯಬೇಕು, ಬೆಂಚಿನ ಮೇಲೆ ಪರೀಕ್ಷೆಯ ನಂಬರು ಹಾಕಬೇಕು, ಹೊಸ ಬಕೆಟ್ಟಿಗೆ ಶಾಲೆಯ ಹೆಸರು ಬರೆಯಬೇಕು. ಇಷ್ಟೆಲ್ಲ ಆದ ಮೇಲೆ ದೀಪಾವಳಿ ಬರುತ್ತದೆ. ಅಲ್ಲಿಂದ ಮಾರ್ಚ್‌ವರೆಗೆ ನಮ್ಮ ಪೀರಿಯಡ್ಡುಗಳು ನಮ್ಮವಲ್ಲ. “ಸಿದ್ದಲಿಂಗಸ್ವಾಮಿಗಳೇ, ನಿಮ್ದೇನು ಅರ್ಜೆಂಟ್ ಇಲ್ವಲ್ಲ, ಲೆಕ್ಕದೋರಿಗೆ ಬುಟ್ಕೊಡಿ” ಎಂದು ನಮ್ಮ ಹೆಡ್‌ಮಾಸ್ಟರು ನಗುತ್ತಲೇ ಹೇಳುತ್ತಾರೆ. ನಾವೂ ನಗುತ್ತಲೇ ಬಿಟ್ಟುಕೊಡುತ್ತೇವೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಹದಿನೆಂಟು ಇರುವ ಪೀರಿಯಡ್ಡು ಕೈಗೆ ಸಿಗುವಷ್ಟರಲ್ಲಿ ಆರು ಆಗಿರುತ್ತದೆ. ಈ ಆರು ಎಂಬ ಅಂಕಿಯನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಮಗೆ ಸಹಾಯ ಬೇಕೆಂದು ನಾವು ಬಾಯಿಬಿಟ್ಟು ಕೇಳಲಿಲ್ಲವೆಂದಲ್ಲ. ನಗರದ ಚಿತ್ರಕಲಾ ಶಿಕ್ಷಕರೆಲ್ಲ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ನಿವೃತ್ತರಾದ ಮಹದೇವಪ್ಪ ಮೇಷ್ಟ್ರ ಲಕ್ಷ್ಮೀಪುರಂ ಮನೆಯ ಜಗಲಿಯಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರುತ್ತೇವೆ. ಎರಡು ವರ್ಷದ ಹಿಂದೆ ಆ ಬಳಗದಿಂದ ತಮ್ಮ ಕಚೇರಿಗೆ ಒಂದು ಅರ್ಜಿ ಕೊಟ್ಟೆವು. ವಿಜ್ಞಾನದವರಿಗೆ, ಇಂಗ್ಲಿಷಿನವರಿಗೆ ವರ್ಷವರ್ಷವೂ ತರಬೇತಿ ಶಿಬಿರ ನಡೆಯುತ್ತದೆ, ನಮಗೆ ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ನಡೆದಿಲ್ಲ, ಹೊಸದೇನಾದರೂ ಕಲಿಸಿ ಎಂದು ಕೇಳಿದ್ದೆವು. ಆಶ್ಚರ್ಯ, ಐದು ದಿನದ ಶಿಬಿರ ಮಂಜೂರಾಯಿತು. ನಾವು ಹೊಸ ಬ್ರಷ್ಷು, ಪ್ಯಾಡು ಹಿಡಿದು ಮಕ್ಕಳ ಹಾಗೆ ಸಂಭ್ರಮದಿಂದ ಹೋದೆವು. ಅಲ್ಲಿ ನಮಗೆ ಕಾದಿದ್ದ ಉಪನ್ಯಾಸಕರು ಯಾರು ಗೊತ್ತೇ? ತಮ್ಮ ಕಚೇರಿಯ ಕಾಂಪೌಂಡ್ ಗೋಡೆ. ಮೇ ತಿಂಗಳ ಬಿಸಿಲಲ್ಲಿ ಐದು ದಿನ ಅದರ ಮೇಲೆ ಘೋಷಣೆ ಬರೆದೆವು, ನಗುವ ಸೂರ್ಯನನ್ನು ಬರೆದೆವು, ಪುಸ್ತಕ ಹಿಡಿದ ಮಕ್ಕಳನ್ನು ಬರೆದೆವು. ಕೊನೆಯ ದಿನ ತರಬೇತಿಯ ಪ್ರಮಾಣಪತ್ರಗಳು ಬಂದವು, ಖಾಲಿ. “ನಿಮ್ಮಷ್ಟು ಚೆನ್ನಾಗಿ ಬರೆಯೋರು ನಮ್ಮಲ್ಲಿ ಯಾರವ್ರೆ? ನಿಮ್ ನಿಮ್ ಹೆಸ್ರು ನೀವೇ ಬರ್ಕೊಂಬುಡಿ” ಎಂದರು ತಮ್ಮ ಕಚೇರಿಯವರು. ಬರೆದುಕೊಂಡೆವು. ಆರು ತಿಂಗಳಲ್ಲಿ ಇನ್ಯಾರೋ ಬರುತ್ತಾರೆಂದು ಆ ಗೋಡೆಗೆ ಸುಣ್ಣ ಹೊಡೆಸಿದಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬರೆಯುವುದಕ್ಕೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಈ ಏಪ್ರಿಲ್ ಮೊದಲ ವಾರ, ಪರೀಕ್ಷೆ ಮುಗಿದು ಶಾಲೆ ಖಾಲಿಯಾಗಿದ್ದಾಗ, ತಮ್ಮ ಕಚೇರಿಯ ಸೂಪರಿಂಟೆಂಡೆಂಟರು ನನ್ನನ್ನು ಕರೆಸಿದರು. ಬೆಂಗಳೂರಿನಿಂದ ಮೇಲಧಿಕಾರಿಗಳು ಬರುವ ಪರಿಶೀಲನಾ ಸಭೆಗೆ ಒಂದು ದೊಡ್ಡ ಚಾರ್ಟು ಬೇಕಿತ್ತು. ‘ಶಿಕ್ಷಕರು ವಾರಕ್ಕೆ ಬೋಧಿಸುವ ಅವಧಿಗಳು’ ಎಂದು ಶೀರ್ಷಿಕೆ. ಒಂಬತ್ತು ಬಗೆಯ ಶಿಕ್ಷಕರಿಗೆ ಒಂಬತ್ತು ಕಂಬ ಎಳೆದು ಬಣ್ಣ ತುಂಬಬೇಕು. ಅವರು ಕೊಟ್ಟ ಚೀಟಿಯಲ್ಲಿ ವಿಷಯದ ಹೆಸರೇ ಇರಲಿಲ್ಲ. ಒಂದರಿಂದ ಒಂಬತ್ತರವರೆಗೆ ಸಂಕೇತ, ಎದುರಿಗೆ ಒಂದೊಂದು ಅಂಕಿ, ಅಷ್ಟೇ. ಯಾವ ಸಂಕೇತ ಯಾರದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. “ಯಾವ ಸೈಜು ಸಾರ್, ಎಷ್ಟು ದೂರದಿಂದ ಕಾಣಬೇಕು?” ಎಂದು ಕೇಳಿದೆ. ನಮ್ಮವರ ರೋಗವೇ ಇದು. ಕೆಲಸ ಕೊಟ್ಟರೆ ಅಳತೆ ಕೇಳುತ್ತೇವೆ, ಬಣ್ಣ ಕೇಳುತ್ತೇವೆ, ಇದು ಯಾತಕ್ಕೆ ಎಂದು ಮಾತ್ರ ಕೇಳುವುದಿಲ್ಲ.

ಸ್ಟಾಫ್ ರೂಮಿನಲ್ಲಿ ನಾಲ್ಕು ಬೆಂಚು ಜೋಡಿಸಿಕೊಂಡು ಎರಡು ದಿನ ಕೂತು ಬರೆದೆ. ಎಂಟು ಕಂಬಗಳು ಎತ್ತರವಾಗಿದ್ದವು. ಏಳನೆಯದು ಮಾತ್ರ ಮೊಣಕಾಲುದ್ದ, ಬರೀ ಆರು. ಎತ್ತರದವರ ನಡುವೆ ಅದು ಕಾಣಿಸುತ್ತಲೇ ಇರಲಿಲ್ಲ. ನನಗೆ ಅದರ ಮೇಲೆ ಕನಿಕರ ಬಂತು. ಯಾವುದೋ ಪಾಪದ ಸಂಕೇತ, ಇದನ್ನು ಯಾರೂ ನೋಡುವುದೇ ಇಲ್ಲವಲ್ಲ ಎಂದುಕೊಂಡೆ. ಎಂಟನೇ ತರಗತಿಗೆ ನಾನು ಕಲಿಸುವ ಮೊದಲ ಪಾಠವೇ ಅದು: ದೊಡ್ಡ ಆಕಾರಕ್ಕೆ ತಿಳಿ ಬಣ್ಣ, ಸಣ್ಣ ಆಕಾರಕ್ಕೆ ಗಾಢ ಬಣ್ಣ, ಆಗ ಚಿತ್ರ ತೂಗುತ್ತದೆ. ಎಂಟು ಕಂಬಗಳಿಗೆ ತಿಳಿ ನೀಲಿ, ತಿಳಿ ಹಸಿರು ತುಂಬಿದೆ. ಏಳನೆಯದಕ್ಕೆ ಕೆಂಪು ಹಾಕಿದೆ. ಎರಡು ಕೋಟ್ ಹಾಕಿದೆ. ದೂರ ನಿಂತು ನೋಡಿ, ಈಗ ಸರಿಹೋಯಿತು ಎಂದು ನನ್ನಷ್ಟಕ್ಕೆ ನಾನೇ ಖುಷಿಪಟ್ಟೆ.

ಸಭೆಯಲ್ಲಿ ಏನಾಯಿತೆಂದು ನನಗೆ ಹೇಳಿದ್ದು ತಮ್ಮ ಕಚೇರಿಯ ಅಟೆಂಡರ್ ಸಣ್ಣಮಾದಯ್ಯ. ಚಾರ್ಟನ್ನು ಗೋಡೆಗೆ ತೂಗುಹಾಕಿ ಅಲ್ಲೇ ನಿಂತಿದ್ದವರು ಅವರು. “ಬಾಳ ಚೆನ್ನಾಗಿತ್ತು ಕಣ್ರೀ ಮೇಷ್ಟ್ರೇ. ಬೆಂಗ್ಳೂರೋರು ಒಳೀಕೆ ಬಂದೋರೇ ಸೀದಾ ಆ ಕೆಂಪು ಕಂಬನೇ ಬೊಟ್ಟು ಮಾಡುದ್ರು. ಇದೇನ್ರೀ ಇಷ್ಟು ಗಿಡ್ಡ ಅಂದ್ರು. ನಮ್ ಸಾಹೇಬ್ರು ಫೈಲೇ ತೆಗೀಲಿಲ್ಲ, ಅವ್ರನ್ನೆಲ್ಲಾ ಬೇರೆ ಕೆಲ್ಸಕ್ಕೆ ಹಾಕ್ಬುಡ್ತೀವಿ ಸಾರ್ ಅಂದ್ಬುಟ್ರು. ಮಿಕ್ಕಿದ್ದ ಯಾತರ ಮೇಲೂ ಮಾತೇ ಇಲ್ಲ, ಕಾಫಿ ತಂದ್ಬುಡು ಅಂದ್ರು.” ನನ್ನ ಚಾರ್ಟು ಎಲ್ಲರಿಗೂ ಇಷ್ಟವಾಯಿತೆಂದು ಅವರು ಪ್ರೀತಿಯಿಂದಲೇ ಹೇಳಿದ್ದು. ಸುದ್ದಿ ಕೇಳಿ ನಾನೂ ನಕ್ಕೆ. ಮುಂದಿನ ವಾರ ಸ್ಟಾಫ್ ರೂಮಿಗೆ ತಮ್ಮ ಆದೇಶ ಬಂತು. ‘ಸಂಕೇತ ೭ (ಚಿತ್ರಕಲೆ)’ ಎಂದಿತ್ತು. ಓದಿ ಕುರ್ಚಿಯಲ್ಲಿ ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ.

ಹದಿನಾಲ್ಕು ಮಂದಿಯನ್ನು ಮುಳುಗಿಸಿದ ಆ ಕಂಬವನ್ನು ಎದ್ದು ಕಾಣುವಂತೆ ಮಾಡಿದವನು ನಾನು, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಗಿಡ್ಡ ಮಾಡಿದವರು ಯಾರು, ಮಾನ್ಯರೇ? ಹದಿನೆಂಟು ಪೀರಿಯಡ್ಡನ್ನು ಕಿತ್ತು ಆರು ಮಾಡಿದ್ದು ತಮ್ಮ ಹೆಡ್‌ಮಾಸ್ಟರುಗಳು, ತಮ್ಮ ತಪಾಸಣೆಗಳು, ತಮ್ಮ ಸ್ವಾಗತದ ಬೋರ್ಡುಗಳು. ಕೆಲಸ ಕಿತ್ತುಕೊಂಡು, ಇವರಿಗೆ ಕೆಲಸವಿಲ್ಲ ಎನ್ನುವುದು ಯಾವ ಊರಿನ ನ್ಯಾಯ? ಅದಿರಲಿ, ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಿ. ಅದೇ ಅಂಕಿಗಳು ತಮ್ಮ ಮೇಜಿನ ಮೇಲೆ ಕಡತದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವು. ಒಬ್ಬರೂ ತೆರೆದು ನೋಡಲಿಲ್ಲ. ಬಾಗಿಲಿನಿಂದ ಒಳಗೆ ಬರುತ್ತಿದ್ದಂತೆ ತಮ್ಮೆಲ್ಲರ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಎರಡು ಕೋಟ್ ಬಣ್ಣ, ಅದನ್ನು ಎಲ್ಲಿ ಹಾಕಬೇಕೆಂಬ ತಿಳಿವಳಿಕೆ. ಅದಕ್ಕೇ ಸ್ವಾಮಿ ಚಿತ್ರಕಲೆ ಅನ್ನುವುದು. ಒಂದು ಚಿತ್ರ ನೋಡಿ ತಾವು ತೀರ್ಮಾನ ಮಾಡಿದಿರಿ, ಚಿತ್ರ ಕಲಿಸುವವರು ಬೇಡ ಎಂದು. ಆ ಸಭೆಯಲ್ಲಿ ಕೂತಿದ್ದವರಲ್ಲಿ ಒಬ್ಬರಿಗಾದರೂ ಶಾಲೆಯಲ್ಲಿ ಒಳ್ಳೆಯ ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ್ದರೆ, ‘ಕೆಂಪು ಯಾಕೆ ಹಾಕಿದ್ದಾರೆ?’ ಎಂದು ಕೇಳುತ್ತಿದ್ದರು. ನೋಡುವುದನ್ನು ಕಲಿಯದವರ ಕೈಗೆ ಶಾಲೆಗಳನ್ನು ಕೊಟ್ಟರೆ ಹೀಗೇ ಆಗುವುದು.

ಬೇರೆ ಯಾರಿಗೆ ಏನಾಯಿತೋ ಬಿಡಿ, ವೇದವತಿ ಮೇಡಂ ಅವರ ಕಥೆ ಒಂದನ್ನು ಕೇಳಿ. ಅಗ್ರಹಾರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನೇಳು ವರ್ಷ ಚಿತ್ರಕಲೆ ಕಲಿಸಿದವರು. ಮಕ್ಕಳನ್ನು ಸಾಲಾಗಿ ಬೀದಿಗೆ ಕರೆದೊಯ್ದು ಹಳೇ ಮನೆಗಳ ಬಾಗಿಲುವಾಡದ ಕೆತ್ತನೆ ಬರೆಸುತ್ತಿದ್ದರು. ಮೊದಮೊದಲು ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಯವರು ಆಮೇಲಾಮೇಲೆ ತಾವೇ ಬಾಗಿಲಿಗೆ ಎಣ್ಣೆ ಒರೆಸಿಟ್ಟು ಕಾಯುತ್ತಿದ್ದರು. ಅವರ ಶಿಷ್ಯೆ ಸಿಂಚನ ಎಂಬ ಹುಡುಗಿ ಓದಿನಲ್ಲಿ ಹಿಂದೆಂದು ಮನೆಯವರು ಶಾಲೆ ಬಿಡಿಸುವುದರಲ್ಲಿದ್ದರು. ಆ ಮಗು ಬರೆದ ಒಂದು ಬಾಗಿಲಿನ ಚಿತ್ರ ನೋಡಿ ಅವಳ ತಂದೆ ಶಾಲೆ ಬಿಡಿಸುವ ಮಾತು ಕೈಬಿಟ್ಟರು. ಜೂನ್‌ನಲ್ಲಿ ಅವಳು ಹತ್ತನೇ ತರಗತಿಗೆ ಬರುತ್ತಾಳೆ, ಮೇಡಂ ಇರುವುದಿಲ್ಲ. ಪುಸ್ತಕಗಳು ಬಂದಿಳಿಯುವ ಕಾಲವೆಂದು ಅವರನ್ನು ಮೇ ತಿಂಗಳಲ್ಲೇ ಬೋಗಾದಿಯ ಉಗ್ರಾಣಕ್ಕೆ ಹಾಕಿದ್ದೀರಿ. ಕಟ್ಟು ಬಿಚ್ಚುವುದು, ಎಣಿಸುವುದು, ಮತ್ತೆ ಕಟ್ಟುವುದು. ಸುತ್ತ ಮನೆ ಕಟ್ಟುತ್ತಿರುವುದರಿಂದ ಸಿಮೆಂಟಿನ ಧೂಳಿಗೆ ಅವರಿಗೆ ಕೆಮ್ಮು ಹಿಡಿದಿದೆ.

ಕಳೆದ ಶನಿವಾರ ಲಕ್ಷ್ಮೀಪುರಂ ಜಗಲಿಯಲ್ಲಿ ಹದಿನಾಲ್ಕು ಮಂದಿಯೂ ಸೇರಿದ್ದೆವು. ಆ ಚಾರ್ಟು ಬರೆದವನು ನಾನೇ, ಆ ಕಂಬಕ್ಕೆ ಕೆಂಪು ಹಾಕಿದವನೂ ನಾನೇ ಎಂದು ಎಲ್ಲರೆದುರು ಹೇಳಿದೆ. ಮಹದೇವಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಕೂತರು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ವೇದವತಿ ಮೇಡಂ ಕೆಮ್ಮು ತಡೆದುಕೊಂಡು ಕೇಳಿದರು:

“ಯಾವ ಕೆಂಪು ಹಾಕುದ್ರಿ ಸಾರ್? ಕ್ರಿಮ್ಸನ್ನಾ, ವರ್ಮಿಲಿಯನ್ನಾ?”

“ವರ್ಮಿಲಿಯನ್” ಎಂದೆ.

“ಅಕ್ಕಪಕ್ಕ ತಿಳಿ ನೀಲಿ ಇದ್ರೆ ನಾನಾಗಿದ್ರೂ ಅದ್ನೇ ಹಾಕ್ತಿದ್ದೆ ಬುಡಿ” ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಉಗ್ರಾಣಕ್ಕೆ ತಳ್ಳಿಸಿಕೊಂಡ ಮೇಲೂ ಕೆಲಸ ಸರಿಯಾಗಿದೆಯೇ ಎಂದು ಮೊದಲು ಕೇಳುವ ಇಂಥವರನ್ನು ತಾವು ಹೆಚ್ಚುವರಿ ಎಂದು ಕರೆದಿದ್ದೀರಿ.

ಅಂದು ಆ ಜಗಲಿಯಲ್ಲಿ ನಾವು ಮಾಡಿದ ತೀರ್ಮಾನ ಹೀಗಿದೆ. ಆದೇಶ ವಾಪಸಾಗಿ ಹದಿನಾಲ್ಕು ಮಂದಿಯೂ ತಮ್ಮ ತಮ್ಮ ತರಗತಿಗೆ ಮರಳುವವರೆಗೆ ಈ ನಗರದ ಯಾವ ಚಿತ್ರಕಲಾ ಶಿಕ್ಷಕನೂ ತಮ್ಮ ಇಲಾಖೆಗೆ ಒಂದಕ್ಷರ ಬರೆದುಕೊಡುವುದಿಲ್ಲ. ಬೋರ್ಡಿಲ್ಲ, ಬ್ಯಾನರಿಲ್ಲ, ಪ್ರಮಾಣಪತ್ರವಿಲ್ಲ. ಜೂನ್‌ನಲ್ಲಿ ಶಾಲಾ ಪ್ರಾರಂಭೋತ್ಸವಕ್ಕೆ ಬರುವ ದೊಡ್ಡವರ ಹೆಸರನ್ನು ಮುಖ್ಯ ವಿಷಯಗಳ ಶಿಕ್ಷಕರೇ ಬರೆಯಲಿ. ಅಕ್ಷರ ಸೊಟ್ಟಗಾದರೆ ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನನ್ನನ್ನು ರವಾನೆ ವಿಭಾಗಕ್ಕೆ ಹಾಕಿ ಲಕೋಟೆಗಳ ಮೇಲೆ ವಿಳಾಸ ಬರೆಸುವ ಯೋಚನೆ ತಮಗಿದೆಯಂತೆ. ಎಡಗೈಯಲ್ಲಿ ಬರೆಯುತ್ತೇನೆ. ಯಾವ ಆದೇಶ ಯಾರ ಮನೆ ತಲುಪುತ್ತದೋ ನೋಡೋಣ.

ನಾವು ಕೇಳುವುದಿಷ್ಟು. ನಮ್ಮ ಹದಿನೆಂಟು ಪೀರಿಯಡ್ಡು ನಮಗೆ ಕೊಡಿ. ಕಲಿಸಬಲ್ಲವರೊಬ್ಬರನ್ನು ಕರೆಸಿ ನಿಜವಾದ ಒಂದು ಶಿಬಿರ ನಡೆಸಿ, ಗೋಡೆಯಿಲ್ಲದ ಜಾಗದಲ್ಲಿ. ಎಲ್ಲಕ್ಕಿಂತ ಮೊದಲು ಆ ಒಂಬತ್ತು ಸಾಲನ್ನು ಹರಿದುಹಾಕಿ. ಹರಿಯುವುದಕ್ಕೆ ಕೈ ಬಾರದಿದ್ದರೆ ಒಂದು ಕೆಲಸ ಮಾಡಿ. ನನ್ನ ಚಾರ್ಟು ಈಗಲೂ ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲೇ ತೂಗುತ್ತಿದೆ ಎಂದು ಸಣ್ಣಮಾದಯ್ಯ ಹೇಳಿದರು. ಅದನ್ನು ಇಳಿಸಿ ಅವರ ಕೈಯಲ್ಲಿ ನನಗೆ ಕಳಿಸಿಕೊಡಿ. ಆ ಏಳು ಎಂಬ ಅಂಕಿಯನ್ನು ಅಳಿಸಿ, ಕೆಂಪು ಕಂಬದ ಕೆಳಗೆ ನಮ್ಮ ಹದಿನಾಲ್ಕು ಮಂದಿಯ ಹೆಸರನ್ನೂ ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದು, ಇದೊಂದಕ್ಕೆ ಮಾತ್ರ ನಮ್ಮ ತೀರ್ಮಾನ ಮುರಿದು, ಒಂದೇ ದಿನದಲ್ಲಿ ವಾಪಸು ಕೊಡುತ್ತೇನೆ. ಮೊದಲ ಹೆಸರು ವೇದವತಿ ಅವರದು. ಅದನ್ನು ಈ ಸಲ ಕುರ್ಚಿಯ ಹಿಂದೆ ಬೇಡ, ಎದುರಿಗೆ ತೂಗುಹಾಕಿಸಿಕೊಳ್ಳಿ. ಒಂದೊಂದೇ ಹೆಸರು ಓದಿ, ಆಮೇಲೆ ಅದೇ ಆದೇಶಕ್ಕೆ ಇನ್ನೊಂದು ಸಲ ಸಹಿ ಹಾಕಿ ನೋಡಿ.

ಇಂತಿ,
ತಮಗೆ ಮಲ್ಲಿಗೆ ಬಳ್ಳಿ ಬರೆದುಕೊಟ್ಟು ಕೆಟ್ಟ
ಸಿದ್ದಲಿಂಗಸ್ವಾಮಿ
ಚಿತ್ರಕಲಾ ಶಿಕ್ಷಕ, ಮೇ ಮೂವತ್ತೊಂದರವರೆಗೆ